ಮುಂಗಡ ವಂತಿಗೆಯೂ ಗ್ರಂಥಪ್ರಕಟನೆಯೂ: ‘ನ್ಯೂಮೆನೆರಾ’ ಎಂಬ ಆಟದ ನಿದರ್ಶನ

೧

ಗ್ರಂಥವೊಂದು ಬೆಳಕಿಗೆ ಬರಬೇಕಾದರೆ ಅದನ್ನು ಬರೆಯುವವನೊಬ್ಬನಿದ್ದರೆ ಸಾಲದು. ಕಾಗದಕ್ಕೂ ಅಚ್ಚಿಗೂ ರಟ್ಟಿಗೂ ಹಣವೊದಗಿಸುವವನು ಬೇಕು. ಪುಸ್ತಕವು ಮಾರಾಟವಾಗದೆ ಉಳಿದರೆ ಆ ನಷ್ಟವನ್ನು ಹೊರುವವನೂ ಬೇಕು. ಹಿಂದಿನ ಕಾಲದಲ್ಲಿ ಈ ಭಾರವನ್ನು ಅರಸರೂ ಮಠಗಳೂ ಶ್ರೀಮಂತರೂ ಹೊತ್ತರು. ಮುದ್ರಣಯಂತ್ರವು ಬಂದ ತರುವಾಯ ಕ್ರಮೇಣ ಪ್ರಕಾಶಕನೆಂಬ ವ್ಯಾಪಾರಿ ಅದನ್ನು ವಹಿಸಿಕೊಂಡನು. ಇವೆರಡರ ನಡುವೆ ಮೂರನೆಯ ಮಾರ್ಗವೊಂದುಂಟು. ಪುಸ್ತಕವು ಹುಟ್ಟುವ ಮೊದಲೇ ಅದನ್ನು ಓದಬಯಸುವ ನೂರಾರು ಮಂದಿಯಿಂದ ಸ್ವಲ್ಪ ಸ್ವಲ್ಪವಾಗಿ ಹಣ ಪಡೆದು, ಆ ಹಣದಿಂದಲೇ ಪುಸ್ತಕವನ್ನು ಸಿದ್ಧಪಡಿಸಿ, ಕೊಟ್ಟವರ ಮನೆಗೆ ಅದನ್ನು ತಲುಪಿಸುವ ಮಾರ್ಗವಿದು. ಇಂದು ಕ್ರೌಡ್‌ಫಂಡಿಂಗ್ ಎಂದು ಹೆಸರಾಗಿರುವ ಪದ್ಧತಿ ಇದೇ. ಈ ಲೇಖನದಲ್ಲಿ ಇದನ್ನು ನಾವು ‘ಮುಂಗಡ ವಂತಿಗೆ’ ಎಂದೂ, ಹಣ ಕೊಡುವವನನ್ನು ‘ವಂತಿಗೆದಾರ’ನೆಂದೂ ಕರೆಯುತ್ತೇವೆ.

ಈ ಪದ್ಧತಿಯನ್ನು ಕುರಿತು ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದೇ: ಹೀಗೆ ಹಣ ಕೊಡುವವನು ಯಾರು? ಅವನು ಗಿರಾಕಿಯೋ, ದಾನಿಯೋ, ಪಾಲುದಾರನೋ? ಇದು ಕೇವಲ ಪದಗಳ ಚರ್ಚೆಯಲ್ಲ. ಕೆಲಸವು ಕೆಟ್ಟರೆ ಹಣವನ್ನು ಹಿಂದಕ್ಕೆ ಕೇಳುವ ಹಕ್ಕು ಗಿರಾಕಿಗುಂಟು, ದಾನಿಗಿಲ್ಲ. ಕೆಲಸವು ಫಲಿಸಿದರೆ ಲಾಭದಲ್ಲಿ ಭಾಗ ಕೇಳುವ ಹಕ್ಕು ಪಾಲುದಾರನಿಗುಂಟು, ಗಿರಾಕಿಗಿಲ್ಲ.

ಈ ಪ್ರಶ್ನೆಯ ವಿಚಾರಕ್ಕಾಗಿ ನಾವು ಒಂದು ಆಟದ ಪುಸ್ತಕವನ್ನು ಆರಿಸಿಕೊಂಡಿದ್ದೇವೆ. ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಆಟದ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕಾರಣವಿಷ್ಟೆ: ಮುಂಗಡ ವಂತಿಗೆಯು ಆಟಗಳ ಪ್ರಕಟನೆಯಲ್ಲಿ ಬೇರೂರಿದಷ್ಟು ಬೇರೆ ಕೆಲವೇ ಕ್ಷೇತ್ರಗಳಲ್ಲಿ ಬೇರೂರಿದೆ. ಅಲ್ಲದೆ ಎಷ್ಟು ಜನ ಎಷ್ಟು ಹಣ ಕೊಟ್ಟರೆಂಬ ಲೆಕ್ಕವು ಅಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ದಾಖಲೆಯಾಗುತ್ತದೆ. ಪ್ರಕಾಶಕರ ಖಾತೆ ಪುಸ್ತಕಗಳು ಇತಿಹಾಸಕಾರನಿಗೆ ಇಷ್ಟು ಸುಲಭವಾಗಿ ತೆರೆದುಕೊಳ್ಳುವುದಿಲ್ಲ.

೨

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ನಡೆಸುವ ಆಟವಿದು. ಇಂಗ್ಲಿಷಿನ ‘ರೋಲ್‌ಪ್ಲೇಯಿಂಗ್ ಗೇಮ್’ ಎಂಬುದನ್ನು ‘ಪಾತ್ರದಾಟ’ವೆನ್ನಬಹುದು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಇದರ ಅರ್ಧವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅಲ್ಲಿಯೂ ವೇಷಭೂಷಣಗಳಿಲ್ಲ; ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದ ಮಾತನ್ನು ಆಡುತ್ತಾರೆ; ಭಾಗವತನು ಪ್ರಸಂಗವನ್ನು ಮುನ್ನಡೆಸುತ್ತಾನೆ. ಪಾತ್ರದಾಟದಲ್ಲಿಯೂ ಹಾಗೆ ಮುನ್ನಡೆಸುವವನೊಬ್ಬನಿರುತ್ತಾನೆ. ಅವನನ್ನು ಸೂತ್ರಧಾರನೆಂದು ಕರೆಯೋಣ. ವ್ಯತ್ಯಾಸವೆಲ್ಲಿ ಎಂದರೆ, ತಾಳಮದ್ದಳೆಯಲ್ಲಿ ಕರ್ಣನು ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಅವನು ಬೀಳಲೇಬೇಕು, ಪ್ರಸಂಗವು ಅದನ್ನು ಮೊದಲೇ ನಿಶ್ಚಯಿಸಿದೆ. ಪಾತ್ರದಾಟದಲ್ಲಿ ಕಥೆಯ ಅಂತ್ಯವು ಯಾರಿಗೂ ಗೊತ್ತಿರುವುದಿಲ್ಲ. ಸಂದೇಹವಿರುವ ಕಾರ್ಯಗಳ ಸೋಲು ಗೆಲವುಗಳನ್ನು ದಾಳವು ನಿರ್ಣಯಿಸುತ್ತದೆ. ದಾಳವನ್ನು ಎಂದು, ಹೇಗೆ ಉರುಳಿಸಬೇಕೆಂಬ ನಿಯಮಗಳೂ, ಕಥೆ ನಡೆಯುವ ಲೋಕದ ವರ್ಣನೆಯೂ ಸೇರಿ ಆಟದ ಗ್ರಂಥವಾಗುತ್ತದೆ. ಆದುದರಿಂದ ಇಲ್ಲಿ ಆಟವನ್ನು ಮಾಡುವುದೆಂದರೆ ಮುಖ್ಯವಾಗಿ ಪುಸ್ತಕವನ್ನು ಮಾಡುವುದೇ ಆಗಿದೆ.

ಈ ಬಗೆಯ ಮೊದಲ ಪ್ರಕಟಿತ ಆಟವು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು ೧೯೭೪ರಲ್ಲಿ ಹೊರಬಂದಿತು. ಇದರ ಪ್ರಕಟನೆಯ ಕಥೆ ಗಮನಾರ್ಹವಾದುದು. ಅನ್ಯ ಪ್ರಕಾಶಕರು ದೊರೆಯದೆ ಹೋದುದರಿಂದ ಗೈಗ್ಯಾಕ್ಸ್ ತನ್ನ ಬಾಲ್ಯಮಿತ್ರನಾದ ಡಾನ್ ಕೇ ಎಂಬಾತನೊಡನೆ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ೧೯೭೩ರಲ್ಲಿ ತಾನೇ ಒಂದು ಸಂಸ್ಥೆಯನ್ನು ತೆರೆದನು. ಕೇ ತನ್ನ ಪಾಲಿನ ಸಾವಿರ ಡಾಲರನ್ನು ಜೀವವಿಮೆಯ ಮೇಲೆ ಸಾಲವಾಗಿ ತೆಗೆದನು. ಆ ಹಣವೂ ಸಾಲದೆ ಬ್ರಯಾನ್ ಬ್ಲೂಮ್ ಎಂಬ ಮತ್ತೊಬ್ಬ ಮಿತ್ರನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡು ಅವನಿಂದ ಎರಡು ಸಾವಿರ ಡಾಲರ್ ಪಡೆದರು. ಮೊದಲ ಮುದ್ರಣ ಸಾವಿರ ಪ್ರತಿಗಳು. ಒಂದು ವರ್ಷದೊಳಗೆ ಅವೆಲ್ಲ ಖರ್ಚಾದವು. ಪುಸ್ತಕವು ಮಾರಾಟವಾಗದಿದ್ದಲ್ಲಿ ಆ ನಷ್ಟವು ಪೂರ್ಣವಾಗಿ ಈ ಮೂವರ ಮನೆಗಳ ಮೇಲೆ ಬೀಳುತ್ತಿತ್ತು ಎಂಬುದನ್ನು ನಾವು ನೆನಪಿನಲ್ಲಿಡಬೇಕು.

೩

ಈ ಆಟಗಳಲ್ಲಿ ಬಹುಬೇಗ ಕಾಣಿಸಿಕೊಂಡ ಒಂದು ಕಥಾವಸ್ತು ಪ್ರಳಯಾನಂತರದ ಲೋಕ. ೧೯೭೮ರಲ್ಲಿ ಪ್ರಕಟವಾದ ‘ಗಾಮಾ ವರ್ಲ್ಡ್’ ಮಹಾಯುದ್ಧದಿಂದ ಹಾಳಾದ ಭೂಮಿಯನ್ನು ಚಿತ್ರಿಸಿತು. ೧೯೯೧ರ ‘ಡಾರ್ಕ್ ಸನ್’ ಎಂಬುದು ಮಂತ್ರಶಕ್ತಿಯ ದುರುಪಯೋಗದಿಂದ ಬಯಲು ಮರಳುಗಾಡಾದ ಲೋಕವನ್ನು ಚಿತ್ರಿಸಿತು. ಇಂಥ ಲೋಕವು ಆಟಕ್ಕೆ ಒಗ್ಗುವುದಕ್ಕೆ ಸಹಜವಾದ ಕಾರಣವುಂಟು. ಹಾಳೂರಿನಲ್ಲಿ ಹುಡುಕುವುದಕ್ಕೆ ವಸ್ತುಗಳಿರುತ್ತವೆ. ಅವುಗಳ ಉಪಯೋಗವನ್ನು ಹೇಳಿಕೊಡುವವರು ಉಳಿದಿರುವುದಿಲ್ಲ. ಆದುದರಿಂದ ಆಟಗಾರನು ಅನಿವಾರ್ಯವಾಗಿ ಪುರಾತತ್ತ್ವಶೋಧಕನಾಗುತ್ತಾನೆ.

ನಾವು ನಿದರ್ಶನವಾಗಿ ತೆಗೆದುಕೊಂಡಿರುವ ‘ನ್ಯೂಮೆನೆರಾ’ದಲ್ಲಿ ಈ ಭಾವನೆಯು ತುತ್ತತುದಿಗೆ ಮುಟ್ಟಿದೆ. ಇದರ ಕರ್ತೃ ಮಾಂಟಿ ಕುಕ್ ಅವರು. ಈ ಕಥೆಯು ನಡೆಯುವುದು ನಮ್ಮ ಭೂಮಿಯ ಮೇಲೆಯೇ, ಆದರೆ ಸುಮಾರು ನೂರು ಕೋಟಿ ವರ್ಷಗಳ ಅನಂತರ. ಅಷ್ಟರೊಳಗೆ ಎಂಟು ಮಹಾನಾಗರಿಕತೆಗಳು ಎದ್ದು ಅಳಿದಿವೆ. ಒಂಬತ್ತನೆಯ ಲೋಕದ ಜನರು ಮಧ್ಯಯುಗದ ರೈತರಂತೆ ಬದುಕುತ್ತಾರೆ. ಅವರ ಕಾಲ ಕೆಳಗಿನ ಮಣ್ಣಿನಲ್ಲಿ ಹಿಂದಿನವರ ಯಂತ್ರಗಳು ಹೂತುಕೊಂಡಿವೆ. ಆ ಅವಶೇಷಗಳಿಗೇ ‘ನ್ಯೂಮೆನೆರಾ’ ಎಂದು ಹೆಸರು. ಅರ್ಥವಾಗದ ಯಂತ್ರವು ಆ ಜನರಿಗೆ ಮಂತ್ರವಾಗಿ ತೋರುತ್ತದೆ.

ನಿಯಮಗಳೂ ಈ ಲೋಕಕ್ಕೆ ಹೊಂದಿಕೊಂಡಿವೆ. ಆಟಗಾರನು ತನ್ನ ಪಾತ್ರವನ್ನು ಒಂದೇ ವಾಕ್ಯದಲ್ಲಿ ವರ್ಣಿಸುತ್ತಾನೆ: ತಾನು ಎಂಥವನು, ಯಾವ ವರ್ಗದವನು, ಏನು ಮಾಡಬಲ್ಲವನು ಎಂಬ ಮೂರು ಅಂಗಗಳು ಅದರಲ್ಲಿರುತ್ತವೆ. ಪ್ರತಿಯೊಂದು ಕಾರ್ಯದ ಕಾಠಿನ್ಯವನ್ನು ಸೂತ್ರಧಾರನು ೧ರಿಂದ ೧೦ರವರೆಗಿನ ಅಂಕದಲ್ಲಿ ಗುರುತಿಸುತ್ತಾನೆ. ಆ ಅಂಕವನ್ನು ಮೂರರಿಂದ ಗುಣಿಸಿದರೆ ಬರುವ ಸಂಖ್ಯೆಯನ್ನು ಇಪ್ಪತ್ತು ಮುಖಗಳ ದಾಳದಲ್ಲಿ ಮುಟ್ಟಬೇಕು. ಕಾಠಿನ್ಯವು ೪ ಆದರೆ ೧೨ ಬೀಳಬೇಕು. ಕಾಠಿನ್ಯವು ೭ ಆದರೆ ೨೧ ಬೇಕಾಗುತ್ತದೆ. ಅದು ದಾಳದಲ್ಲಿಯೇ ಇಲ್ಲ. ಆಗ ಆಟಗಾರನು ತನ್ನ ದೇಹಬಲ, ವೇಗ, ಬುದ್ಧಿಗಳ ಸಂಚಯದಿಂದ ಅಷ್ಟಿಷ್ಟನ್ನು ವ್ಯಯಿಸಿ ಕಾಠಿನ್ಯವನ್ನು ಇಳಿಸಿಕೊಳ್ಳಬೇಕು. ಪ್ರಯತ್ನಕ್ಕೆ ಬೆಲೆಯುಂಟು ಎಂಬುದು ಇದರ ಭಾವ. ಹಳೆಯ ಆಟಗಳಲ್ಲಿ ಶತ್ರುಸಂಹಾರದಿಂದ ದೊರೆಯುತ್ತಿದ್ದ ಪ್ರಗತಿಯು ಇಲ್ಲಿ ಮುಖ್ಯವಾಗಿ ಹೊಸತನ್ನು ಕಂಡುಹಿಡಿಯುವುದರಿಂದ ದೊರೆಯುತ್ತದೆ.

೪

ಇನ್ನು ಹಣದ ಮಾತು. ಮುಂಗಡ ವಂತಿಗೆಯು ನಿನ್ನೆ ಮೊನ್ನೆಯ ಸೃಷ್ಟಿಯಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಗ್ರಂಥಕರ್ತರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಲೆಗ್ಸಾಂಡರ್ ಪೋಪ್ ಕವಿಯು ಹೋಮರನ ‘ಇಲಿಯಡ್’ ಕಾವ್ಯವನ್ನು ಆರು ಸಂಪುಟಗಳಲ್ಲಿ ಭಾಷಾಂತರಿಸುವೆನೆಂದು ಸಾರಿ, ಸಂಪುಟಕ್ಕೆ ಒಂದು ಗಿನಿಯಂತೆ ಚಂದಾ ಕೂಡಿಸಿದನು. ೧೭೧೫ರಿಂದ ೧೭೨೦ರವರೆಗೆ ಸಂಪುಟಗಳು ಹೊರಬಂದವು. ಚಂದಾದಾರರು ೫೭೫ ಮಂದಿ. ಅವರ ಹೆಸರುಗಳು ಗ್ರಂಥದಲ್ಲಿಯೇ ಅಚ್ಚಾದವು. ಪೋಪನು ಅರಸನ ಕೃಪೆಯನ್ನಾಗಲಿ ಶ್ರೀಮಂತನ ಆಶ್ರಯವನ್ನಾಗಲಿ ಬೇಡದೆ ಬದುಕುವಂತಾದುದು ಈ ಹಣದಿಂದ.

ಇದೇ ಪದ್ಧತಿಯ ಇನ್ನೊಂದು ಮುಖವನ್ನು ಸ್ಯಾಮ್ಯುಯಲ್ ಜಾನ್ಸನ್ನನಲ್ಲಿ ಕಾಣಬಹುದು. ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿಕೊಡುವೆನೆಂದು ೧೭೫೬ರಲ್ಲಿ ಪ್ರಕಟನೆ ಹೊರಡಿಸಿ ಅವನು ಚಂದಾ ಪಡೆದನು. ಮರುವರ್ಷದ ಕೊನೆಗೆ ಪುಸ್ತಕ ಬರುವುದೆಂದು ಮಾತು ಕೊಟ್ಟಿದ್ದನು. ಅದು ಹೊರಬಂದುದು ೧೭೬೫ರಲ್ಲಿ. ನಡುವೆ ಚಾರ್ಲ್ಸ್ ಚರ್ಚಿಲ್ ಎಂಬ ವಿಡಂಬನಕವಿಯು, ಹಣ ತೆಗೆದುಕೊಂಡು ಪುಸ್ತಕವನ್ನು ಕೊಡದವನೆಂದು ಜಾನ್ಸನ್ನನನ್ನು ಪದ್ಯದಲ್ಲಿ ಪರಿಹಾಸ ಮಾಡಿದನು. ಇಂದಿನ ವಂತಿಗೆದಾರರು ದೂರುವುದೂ ಇದನ್ನೇ.

ಪುಸ್ತಕದ ಹೊರಗೂ ಈ ಪದ್ಧತಿ ಹಬ್ಬಿತು. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೆ ಹೋದಾಗ, ೧೮೮೫ರಲ್ಲಿ ಜೋಸೆಫ್ ಪುಲಿಟ್ಜರನು ತನ್ನ ‘ವರ್ಲ್ಡ್’ ಪತ್ರಿಕೆಯ ಮೂಲಕ ೧,೨೦,೦೦೦ಕ್ಕೂ ಹೆಚ್ಚು ಜನರಿಂದ ಒಂದು ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಕೂಡಿಸಿದನು. ನಮ್ಮ ದೇಶದಲ್ಲಿ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಚಲನಚಿತ್ರಕ್ಕೆ (೧೯೭೬) ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟರು. ಕನ್ನಡದ ‘ಲೂಸಿಯಾ’ ಚಿತ್ರಕ್ಕೆ (೨೦೧೩) ಪವನ್ ಕುಮಾರ್ ಅವರು ಪ್ರೇಕ್ಷಕರಿಂದಲೇ ಮುಂಚಿತವಾಗಿ ಹಣವನ್ನು ಕೂಡಿಸಿದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ಬೆಳೆದ ಸಂಸ್ಥೆಯೆಂಬುದಂತೂ ಕನ್ನಡ ಅಧ್ಯಾಪಕರಿಗೆ ತಿಳಿದ ಸಂಗತಿ.

೫

ಹಾಗಾದರೆ ಈಚಿನ ಪದ್ಧತಿಯಲ್ಲಿ ಹೊಸದೇನು? ಕಿಕ್‌ಸ್ಟಾರ್ಟರ್ ಎಂಬ ಅಂತರ್ಜಾಲ ಸಂಸ್ಥೆಯು ನ್ಯೂಯಾರ್ಕಿನಲ್ಲಿ ೨೦೦೯ರ ಏಪ್ರಿಲ್ ತಿಂಗಳಲ್ಲಿ ಆರಂಭವಾಯಿತು. ಅದರ ವಿಧಾನ ಹೀಗಿದೆ. ಕರ್ತೃವು ತನಗೆ ಬೇಕಾದ ಕನಿಷ್ಠ ಮೊತ್ತವನ್ನೂ ಒಂದು ಗಡುವನ್ನೂ ಮೊದಲೇ ಸಾರಬೇಕು. ಗಡುವಿನೊಳಗೆ ಮೊತ್ತವು ಪೂರ್ಣವಾದರೆ ಮಾತ್ರ ವಂತಿಗೆದಾರರಿಂದ ಹಣವನ್ನು ವಸೂಲು ಮಾಡಲಾಗುತ್ತದೆ; ಒಂದು ಡಾಲರ್ ಕಡಮೆಯಾದರೂ ಯಾರಿಂದಲೂ ಒಂದು ಕಾಸನ್ನೂ ತೆಗೆಯುವುದಿಲ್ಲ. ಗುರಿ ಮುಟ್ಟಿದವರಿಂದ ಸಂಸ್ಥೆಯು ಶೇಕಡಾ ೫ರ ಶುಲ್ಕವನ್ನು ಪಡೆಯುತ್ತದೆ. ಹಣ ಪಾವತಿಯ ವೆಚ್ಚ ಬೇರೆ. ಜಾನ್ಸನ್ನನ ಕಾಲದಲ್ಲಿ ಕೊಟ್ಟ ಹಣವು ಕೊಟ್ಟಂತೆಯೇ. ಮಿಕ್ಕವರು ಕೊಟ್ಟರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇಲ್ಲಿ ಅರೆಹಣದಿಂದ ಕೆಲಸವನ್ನು ತೊಡಗಿ ನಡುನೀರಿನಲ್ಲಿ ಕೈಬಿಡುವ ಅಪಾಯವು ಒಂದು ಮಟ್ಟಿಗೆ ತಪ್ಪುತ್ತದೆ.

ಕುಕ್ ಅವರು ೨೦೧೨ರ ಆಗಸ್ಟಿನಲ್ಲಿ ನ್ಯೂಮೆನೆರಾವನ್ನು ಈ ವೇದಿಕೆಯ ಮೇಲೆ ಇಟ್ಟರು. ಅವರು ಕೇಳಿದುದು ೨೦,೦೦೦ ಡಾಲರ್. ಗಡುವು ಮುಗಿದಾಗ ೪,೬೫೮ ಮಂದಿ ೫,೧೭,೨೫೫ ಡಾಲರನ್ನು ಕೊಡಲು ಒಪ್ಪಿದ್ದರು. ಕೇಳಿದುದರ ಇಪ್ಪತ್ತೈದು ಪಟ್ಟಿಗೂ ಇದು ಹೆಚ್ಚು. ತಲೆಗೆ ಸರಾಸರಿ ೧೧೧ ಡಾಲರ್. ಮರುವರ್ಷ, ೨೦೧೩ರ ಆಗಸ್ಟಿನಲ್ಲಿ, ನಾನೂರಕ್ಕೂ ಹೆಚ್ಚು ಪುಟಗಳ ಗ್ರಂಥವು ಕುಕ್ ಅವರದೇ ಸಂಸ್ಥೆಯಿಂದ ಹೊರಬಂದಿತು.

ಈ ಯಶಸ್ಸನ್ನು ನೋಡಿ, ಯಾವ ಲೇಖಕನಾದರೂ ಜನರ ಮುಂದೆ ಕೈಯೊಡ್ಡಿದರೆ ಸಾಕು ಎಂಬ ನಿರ್ಣಯಕ್ಕೆ ಬರುವುದು ತಪ್ಪಾದೀತು. ಕುಕ್ ಅವರು ಆ ವೇಳೆಗೆ ಎರಡು ದಶಕಗಳಿಗೂ ಮಿಕ್ಕಿ ಈ ವೃತ್ತಿಯಲ್ಲಿದ್ದವರು. ೨೦೦೦ದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ ಮೂರನೆಯ ಆವೃತ್ತಿಯ ಮೂವರು ಮುಖ್ಯ ಕರ್ತೃಗಳಲ್ಲಿ ಒಬ್ಬರು. ಪೋಪನೂ ಇಲಿಯಡ್ಡಿಗೆ ಚಂದಾ ಕೂಡಿಸುವಾಗ ಹೆಸರಾಂತ ಕವಿಯಾಗಿದ್ದನು. ಹೆಸರಿಲ್ಲದ ಗೈಗ್ಯಾಕ್ಸನಿಗಾದರೋ ೧೯೭೩ರಲ್ಲಿ ಒದಗಿದುದು ಮಿತ್ರರ ಹಣ. ಈ ಮೂರು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮುಂಗಡ ವಂತಿಗೆಯು ಸಂಪಾದಿಸಿದ ಕೀರ್ತಿಯನ್ನು ಬಂಡವಾಳವಾಗಿ ಮಾರ್ಪಡಿಸುತ್ತದೆ, ಇಲ್ಲದ ಕೀರ್ತಿಯನ್ನು ಅದು ಸೃಷ್ಟಿಸಲಾರದು.

೬

ಮೊತ್ತವು ದೊಡ್ಡದಾದೊಡನೆ ಕರ್ತೃವಿನ ಜೇಬು ತುಂಬಿತೆಂಬ ಭಾವನೆಯೂ ಸರಿಯಲ್ಲ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಚಿತ್ರ, ಸಂಪಾದನೆ, ಅಚ್ಚುಮೊಳೆ ಜೋಡಣೆ ಇವುಗಳಿಗೆ ೩,೦೦,೦೦೦ ರೂಪಾಯಿ ಬೇಕೆಂದು ಊಹಿಸೋಣ. ಹತ್ತು ಪ್ರತಿಯಾಗಲಿ ಸಾವಿರ ಪ್ರತಿಯಾಗಲಿ ಈ ವೆಚ್ಚ ಬದಲಾಗುವುದಿಲ್ಲ. ಪ್ರತಿಯೊಂದರ ಮುದ್ರಣಕ್ಕೂ ಅಂಚೆಗೂ ೩೦೦ ರೂಪಾಯಿ; ಬೆಲೆ ೯೦೦ ರೂಪಾಯಿ. ಪ್ರತಿಯೊಂದರಿಂದ ಉಳಿಯುವುದು ೬೦೦. ಹೀಗಾಗಿ ೫೦೦ ಮಂದಿ ಸೇರಿದರೆ ವೆಚ್ಚವು ಸರಿಹೋಗುತ್ತದೆಂದು ಲೇಖಕನು ೪,೫೦,೦೦೦ ರೂಪಾಯಿಯ ಗುರಿಯನ್ನು ಸಾರುತ್ತಾನೆ. ಆದರೆ ವೇದಿಕೆಯ ಶುಲ್ಕವೂ ಪಾವತಿಯ ವೆಚ್ಚವೂ ಸೇರಿ ಶೇಕಡಾ ೧೦ ಆದಲ್ಲಿ, ಉಳಿಯುವುದು ೬೦೦ ಅಲ್ಲ, ೫೧೦. ಗುರಿ ಮುಟ್ಟಿದ ದಿನವೇ ಅವನು ೪೫,೦೦೦ ರೂಪಾಯಿಯ ಸಾಲಗಾರನಾಗುತ್ತಾನೆ. ಅವನಿಗೆ ನಿಜವಾಗಿ ಬೇಕಾದವರು ೫೮೯ ಮಂದಿ. ಗುರಿ ಮೀರಿದರೆ ಭೂಪಟವನ್ನೂ ದಾಳಗಳನ್ನೂ ಉಚಿತವಾಗಿ ಕೊಡುವೆನೆಂದು ಅವನು ಉತ್ಸಾಹದಲ್ಲಿ ಮಾತು ಕೊಟ್ಟಿದ್ದರೆ, ಮುದ್ರಣದ ವೆಚ್ಚವೂ ಅಂಚೆಯ ತೂಕವೂ ಏರಿ, ಹೊಸದಾಗಿ ಸೇರಿದ ಪ್ರತಿಯೊಬ್ಬನಿಂದಲೂ ಬರುವ ಉಳಿತಾಯ ಇಳಿಯುತ್ತ ಹೋಗುತ್ತದೆ. ಬಹುಜನರ ಬೆಂಬಲ ಪಡೆದ ಕೆಲವು ಯೋಜನೆಗಳೇ ಹಣ ಸಾಲದೆ ತೊಳಲುವುದರ ಗುಟ್ಟು ಇದು.

ಕಾಲದ ಲೆಕ್ಕವೂ ಹಾಗೆಯೇ ತಪ್ಪುತ್ತದೆ. ನ್ಯೂಮೆನೆರಾದ ಲೋಕವನ್ನೇ ಆಧರಿಸಿದ ‘ಟಾರ್ಮೆಂಟ್’ ಎಂಬ ಗಣಕಯಂತ್ರದ ಆಟಕ್ಕೆ ೨೦೧೩ರಲ್ಲಿ ೪೧ ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿತು. ೨೦೧೪ರ ಕೊನೆಗೆ ಬರುವುದೆಂದು ನಿರೀಕ್ಷಿಸಿದ್ದ ಅದು ಬಂದುದು ೨೦೧೭ರಲ್ಲಿ. ಆದರೂ ಬಂದಿತು ಎಂಬುದು ಮುಖ್ಯ.

೭

ಬಾರದೆಯೇ ಹೋದರೆ? ೨೦೧೨ರಲ್ಲಿ ‘ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಫಲಕದಾಟಕ್ಕೆ ೩೫,೦೦೦ ಡಾಲರ್ ಕೇಳಿದ್ದಲ್ಲಿ ೧,೨೦೦ಕ್ಕೂ ಹೆಚ್ಚು ಮಂದಿ ೧,೨೨,೦೦೦ ಡಾಲರಿಗೂ ಮಿಕ್ಕು ಕೊಟ್ಟರು. ಮರುವರ್ಷ ಯೋಜನೆಯು ರದ್ದಾಯಿತು. ವಂತಿಗೆಯ ಹಣದ ಬಹುಭಾಗವು ಮನೆಬಾಡಿಗೆಯೇ ಮೊದಲಾದ ಸ್ವಂತ ಖರ್ಚುಗಳಿಗೆ ಹೋಯಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿತು. ಆ ಆಯೋಗವು ಮುಂಗಡ ವಂತಿಗೆಯ ವಿಷಯದಲ್ಲಿ ಕೈಗೊಂಡ ಮೊದಲನೆಯ ಕ್ರಮವಿದು. ೨೦೧೫ರ ಜೂನ್ ತಿಂಗಳಲ್ಲಿ ಅದು ರಾಜಿಯಲ್ಲಿ ಮುಗಿಯಿತು. ೧,೧೧,೦೦೦ ಡಾಲರಿಗೂ ಹೆಚ್ಚಿನ ಮೊತ್ತಕ್ಕೆ ತೀರ್ಪಾದರೂ, ತೆರುವ ಶಕ್ತಿಯಿಲ್ಲದ ಕಾರಣ ಅದರ ವಸೂಲಿಯನ್ನು ತಡೆಹಿಡಿಯಲಾಯಿತು. ಬೇರೊಂದು ಪ್ರಕಾಶನ ಸಂಸ್ಥೆಯು ಆ ಆಟವನ್ನು ಅಚ್ಚುಹಾಕಿಸಿ ವಂತಿಗೆದಾರರಿಗೆ ಹಂಚಿತು. ನ್ಯಾಯವು ದೊರೆತರೂ ಹಣವು ದೊರೆಯಲಿಲ್ಲವೆಂಬುದು ಇಲ್ಲಿಯ ಪಾಠ.

ಇಂಥ ಪ್ರಸಂಗಗಳು ಎಷ್ಟು? ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಈತನ್ ಮಾಲಿಕ್ ಎಂಬ ವಿದ್ವಾಂಸರು ೨೦೧೫ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಕಿಕ್‌ಸ್ಟಾರ್ಟರಿನಲ್ಲಿ ಗುರಿ ಮುಟ್ಟಿದ ಯೋಜನೆಗಳಲ್ಲಿ ಶೇಕಡಾ ೯ರಷ್ಟು ಕೊಟ್ಟ ಮಾತನ್ನು ಸಲ್ಲಿಸಲಿಲ್ಲ. ಹನ್ನೊಂದರಲ್ಲಿ ಒಂದು ಎಂದಾಯಿತು. ಹೊಸ ಪುಸ್ತಕಕ್ಕೆ ಹಣವನ್ನು ತೊಡಗಿಸುವ ಪ್ರಕಾಶಕನಿಗೆ ಈ ಪ್ರಮಾಣವು ಭಯಂಕರವಾಗಿ ತೋರಲಾರದು. ತನ್ನ ಒಂದು ತಿಂಗಳ ಉಳಿತಾಯವನ್ನು ಕಳುಹಿಸಿಕೊಟ್ಟ ವಿದ್ಯಾರ್ಥಿಗೆ ಅದು ಬೇರೆಯಾಗಿಯೇ ತೋರೀತು.

೮

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ವಂತಿಗೆದಾರನು ಪಾಲುದಾರನಲ್ಲ, ಇದು ನಿಸ್ಸಂಶಯ. ಕಿಕ್‌ಸ್ಟಾರ್ಟರ್ ಲಾಭದಲ್ಲಿ ಭಾಗ ಕೊಡುವುದನ್ನು ನಿಷೇಧಿಸಿದೆ. ಪಾಲು ನೀಡಿ ಜನರಿಂದ ಹಣ ಕೂಡಿಸುವುದಕ್ಕೆ ಅಮೆರಿಕದಲ್ಲಿ ೨೦೧೨ರ ಪ್ರತ್ಯೇಕ ಶಾಸನವೂ, ೨೦೧೬ರಲ್ಲಿ ಜಾರಿಗೆ ಬಂದ ಪ್ರತ್ಯೇಕ ನಿಯಮಾವಳಿಯೂ ಇವೆ. ಅವನು ಕೇವಲ ದಾನಿಯೂ ಅಲ್ಲ. ಕೊಟ್ಟ ಹಣಕ್ಕೆ ಪ್ರತಿಫಲವಾಗಿ ಪುಸ್ತಕವು ಬರಬೇಕೆಂದು ಕರಾರಿದೆ. ಹಾಗೆಂದು ಅಂಗಡಿಯ ಗಿರಾಕಿಯೂ ಅಲ್ಲ. ಅವನು ಹಣ ತೆರುವಾಗ ಕೊಳ್ಳುವ ವಸ್ತುವೇ ಜಗತ್ತಿನಲ್ಲಿ ಇರುವುದಿಲ್ಲ, ಅವನು ತೆರದಿದ್ದರೆ ಅದು ಹುಟ್ಟುವುದೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಅವನಿಗೆ ಅತಿ ಸಮೀಪದ ಬಂಧು ಪೋಪನ ಚಂದಾದಾರನೇ: ಒಂದು ಕೃತಿಯು ಇರಬೇಕೆಂದು ಬಯಸಿ, ಅದು ಇಲ್ಲದೆ ಹೋಗುವ ಅಪಾಯದಲ್ಲಿ ತನ್ನ ಪಾಲನ್ನು ತಿಳಿದೇ ಹೊತ್ತವನು. ಡಾನ್ ಕೇ ಒಬ್ಬನೇ ಜೀವವಿಮೆಯನ್ನು ಒತ್ತೆಯಿಟ್ಟು ಹೊತ್ತ ಭಾರವನ್ನು ನ್ಯೂಮೆನೆರಾದಲ್ಲಿ ೪,೬೫೮ ಮಂದಿ ಹಂಚಿಕೊಂಡರು. ಈ ಪದ್ಧತಿಯ ನಿಜವಾದ ಸಾಧನೆ ನಷ್ಟವನ್ನು ಇಲ್ಲದಂತೆ ಮಾಡುವುದರಲ್ಲಿಲ್ಲ. ಯಾರ ಮನೆಯೂ ಮುರಿಯದಷ್ಟು ತೆಳುವಾಗಿ ಅದನ್ನು ಹರಡುವುದರಲ್ಲಿದೆ.

ಓದುಗರು ಚದುರಿಹೋಗಿರುವ, ಯಾವ ಪ್ರಕಾಶಕನೂ ಮುಂದೆ ಬಾರದ ಗ್ರಂಥಗಳಿಗೆ ಈ ಮಾರ್ಗವು ಉಪಯುಕ್ತವಾದುದು. ಕನ್ನಡದ ಸಂಶೋಧನ ಗ್ರಂಥಗಳೂ ಅಂಥವುಗಳಲ್ಲಿ ಸೇರುತ್ತವೆ. ಆದರೆ ಇದನ್ನು ಹಿಡಿಯಬಯಸುವ ತರುಣ ಲೇಖಕರು ಎರಡು ಮಾತುಗಳನ್ನು ಮರೆಯಬಾರದು. ಒಂದು, ಹಣ ಕೇಳುವ ಮೊದಲೇ ಬರವಣಿಗೆಯ ಬಹುಭಾಗವನ್ನು ಮುಗಿಸಿರಬೇಕು. ಜಾನ್ಸನ್ನನಂಥ ವಿದ್ವಾಂಸನೇ ಹೇಳಿದ ಗಡುವಿಗೆ ಎಂಟು ವರ್ಷ ತಡಮಾಡಿದನು. ಎರಡು, ಬಂದ ಹಣದ ಲೆಕ್ಕವನ್ನು ಕೊಟ್ಟವರಿಗೆ ಕಾಲಕಾಲಕ್ಕೆ ಒಪ್ಪಿಸುತ್ತಿರಬೇಕು. ಇಲ್ಲಿ ಬಂಡವಾಳವೆಂಬುದು ಜನರ ನಂಬಿಕೆ, ಅದು ಒಮ್ಮೆ ಕರಗಿದರೆ ಮುಂದಿನ ಲೇಖಕನಿಗೂ ದೊರೆಯದು.

ಇತಿಹಾಸಕಾರರ ಪಾಲಿಗೂ ಒಂದು ಕೆಲಸವಿದೆ. ಪೋಪನ ೫೭೫ ಚಂದಾದಾರರ ಹೆಸರುಗಳು ಅಚ್ಚಿನಲ್ಲಿ ಉಳಿದು, ಮುನ್ನೂರು ವರ್ಷಗಳಾದರೂ ಆ ಕಾಲದ ಓದುಗ ಸಮಾಜವನ್ನು ಅರಿಯಲು ಆಧಾರವಾಗಿವೆ. ಇಂದಿನ ವಂತಿಗೆಯ ದಾಖಲೆಗಳಿರುವುದು ಒಂದೊಂದು ವ್ಯಾಪಾರ ಸಂಸ್ಥೆಯ ಯಂತ್ರಗಳಲ್ಲಿ. ಆ ಸಂಸ್ಥೆಯು ಬಾಗಿಲು ಮುಚ್ಚಿದ ದಿನ ಅವು ಉಳಿಯುವುವೆಂಬ ಭರವಸೆಯಿಲ್ಲ. ಮುಂಗಡ ವಂತಿಗೆಯಿಂದ ಬರುವ ಪ್ರತಿಯೊಂದು ಗ್ರಂಥವೂ, ಒಪ್ಪಿದವರ ಹೆಸರುಗಳನ್ನೂ ಕೂಡಿದ ಹಣದ ಸಂಕ್ಷಿಪ್ತ ಲೆಕ್ಕವನ್ನೂ ಕೊನೆಯ ಪುಟಗಳಲ್ಲಿ ಅಚ್ಚುಮಾಡುವುದು ಒಳ್ಳೆಯ ಸಂಪ್ರದಾಯವಾದೀತು. ಅದಕ್ಕೆ ತಗಲುವುದು ಎರಡು ಹಾಳೆಯ ಖರ್ಚು. ಅದರಿಂದ ಮುಂದಿನವರಿಗೆ, ಈ ಪುಸ್ತಕವನ್ನು ಯಾರು ಬಯಸಿದರು, ಅದಕ್ಕಾಗಿ ಏನನ್ನು ತೆತ್ತರು ಎಂಬುದು ತಿಳಿಯುತ್ತದೆ.